ಇಪ್ಪತ್ತು ನಿಮಿಷದ ಅಕ್ಕ

ಎದುರಿಗೆ ಅಕ್ಕ, ಬೆನ್ನ ಹಿಂದೆ 'ಇಪ್ಪತ್ತು ನಿಮಿಷ'. ನಮ್ಮ ಹವಾಮಾನ ಕಚೇರಿಯಲ್ಲಿ ಅವಳಿಗಿದ್ದದ್ದು ಇವೆರಡೇ ಹೆಸರು. ಎರಡನೆಯದು ಅವಳ ಕಿವಿಗೆ ಬಿದ್ದಿಲ್ಲ ಎಂದೇ ಎಲ್ಲರೂ ತಿಳಿದಿದ್ದರು. ಒಂದು ದಿನ ಮೆಟ್ಟಿಲ ಬುಡದಲ್ಲಿ ಯಾರೋ "ಇಪ್ಪತ್ತು ನಿಮಿಷ ಕೆಳಗಿಳೀತಾ?" ಎಂದು ಕೇಳಿದರು. ಮೇಲಿನಿಂದ ತಲೆ ಹೊರಗೆ ಬಂತು. "ಇಳೀತಾ ಇದೀನಿ. ಬೆನ್ನ ಹಿಂದೆ ಯಾಕೆ ಕರೀತೀರಿ, ಮುಂದೆ ಬಂದು ಕರೀರಿ. ಕೆಟ್ಟ ಹೆಸರೇನಲ್ಲ ಅದು."

ನಾನು ಅಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದೆ. ಬಲೂನು, ದಾರ, ಗ್ಯಾಸ್ ಸಿಲಿಂಡರ್, ದಾಖಲೆ ಪುಸ್ತಕ ಎಲ್ಲವೂ ನನ್ನ ಬೀಗದ ಕೈಯಲ್ಲಿ. ಅವಳು ನನ್ನನ್ನು ಕರೆಯುತ್ತಿದ್ದದ್ದು ಸ್ಟೋರಪ್ಪ ಎಂದು. ಹದಿನಾರು ವರ್ಷ ಒಂದೇ ಕಟ್ಟಡದಲ್ಲಿ ಕೆಲಸ ಮಾಡಿದ್ದೇವೆ, ಅದರಲ್ಲಿ ಕಡಿಮೆಯೆಂದರೂ ಹತ್ತು ವರ್ಷ ಜಗಳದಲ್ಲೇ ಕಳೆದಿದೆ. ಆದ್ದರಿಂದ ಅವಳ ಬಗ್ಗೆ ಬರೆಯಲು ನನಗಿಂತ ಹಕ್ಕಿರುವವರು ಯಾರೂ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಜಗಳ ಎಂದೆನಲ್ಲ, ಅವಳ ಜಗಳಗಳಿಗೆಲ್ಲ ಒಂದೇ ಬೇರು. ಯಾವುದಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟು ಕೊಡಬೇಕು. ಒಮ್ಮೆ ಅವಳಿಗೆ ಜ್ವರ ಬಂದು ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ನರ್ಸ್ ಬಾಯಿಗಿಟ್ಟ ಥರ್ಮಾಮೀಟರನ್ನು ಅರ್ಧ ನಿಮಿಷಕ್ಕೇ ತೆಗೆಯಲು ಬಂದರೆ ಇವಳು ಹಲ್ಲು ಕಚ್ಚಿ ಹಿಡಿದು, ಗಡಿಯಾರದ ಕಡೆ ಬೆರಳು ತೋರಿಸಿ, ಮೂರು ನಿಮಿಷ ಆಗುವ ತನಕ ಬಿಡಲೇ ಇಲ್ಲ. ಹಿಂದೆ ಹನ್ನೊಂದು ಜನ ಕಾಯುತ್ತಿದ್ದರು. ನಾನು ಬೇರೆ ಕಡೆ ಮುಖ ತಿರುಗಿಸಿ, ಈಕೆ ಯಾರೋ ನನಗೆ ಗೊತ್ತಿಲ್ಲ ಎಂಬಂತೆ ನಿಂತಿದ್ದೆ.

ಅವಳ ಕೆಲಸ ಹೇಳಲು ಸುಲಭ. ದಿನಾ ಬೆಳಗ್ಗೆ ಐದೂವರೆಗೆ ಬಂದರಿನ ಪಕ್ಕದ ನಮ್ಮ ತಾರಸಿಯಿಂದ ಒಂದು ದೊಡ್ಡ ಬಿಳಿ ಬಲೂನು ಬಿಡುವುದು. ಬಲೂನಿನ ಕೆಳಗೆ ದಾರ, ದಾರದ ತುದಿಗೆ ಅಂಗೈ ಮೇಲೆ ಕೂರುವಷ್ಟು ಒಂದು ಡಬ್ಬಿ. ಆ ಡಬ್ಬಿಯಿಂದ ಹೊರಗೆ ಚಾಚಿದ ಸಣ್ಣ ಕಡ್ಡಿಯೊಂದು ಗಾಳಿಯಲ್ಲಿ ಎಷ್ಟು ತೇವವಿದೆ ಎಂದು ಮೇಲೇರುತ್ತ ಏರುತ್ತ ರೇಡಿಯೋದಲ್ಲಿ ಹೇಳುತ್ತ ಹೋಗುತ್ತದೆ. ಇಪ್ಪತ್ತೈದು ಕಿಲೋಮೀಟರ್ ಮೇಲೆ ಹೋಗಿ ಬಲೂನು ಒಡೆಯುತ್ತದೆ. ಮಾರನೆಯ ದಿನ ಇನ್ನೊಂದು.

ಡಬ್ಬಿಗಳನ್ನು ಇಡುತ್ತಿದ್ದದ್ದು ಕೆಳಗಿನ ಏಸಿ ಕೋಣೆಯಲ್ಲಿ. ಅಲ್ಲೇ ಪರೀಕ್ಷಿಸಿ, ಮೇಲೆ ಒಯ್ದು, ಬಿಡಿ ಎನ್ನುತ್ತದೆ ನಿಯಮದ ಪುಸ್ತಕ. ಆದರೆ ಅವಳಿಗೆ ಕೆಲಸ ಕಲಿಸಿದ ಹಳೆಯ ವೀಕ್ಷಕರು ಒಬ್ಬರಿದ್ದರು. ಅವರು ಪುಸ್ತಕದಲ್ಲಿಲ್ಲದ ಒಂದು ಮಾತು ಹೇಳಿದ್ದರಂತೆ. ತಣ್ಣನೆ ಕೋಣೆಯಿಂದ ಕಡಲ ಗಾಳಿಗೆ ಬಂದರೆ ಕನ್ನಡಕ ಮಂಜಾಗುತ್ತದೆ, ಡಬ್ಬಿಯ ಕಡ್ಡಿಯೂ ಹಾಗೆಯೇ. ಬೆವರಿದ ಕಡ್ಡಿ ಮೊದಲ ಒಂದು ಕಿಲೋಮೀಟರ್ ಸುಳ್ಳು ಹೇಳುತ್ತದೆ. ಅದಕ್ಕೇ ತಾರಸಿಯ ಜಾಲರಿ ಪೆಟ್ಟಿಗೆಯಲ್ಲಿ ಇಪ್ಪತ್ತು ನಿಮಿಷ ಇಟ್ಟು, ಹೊರಗಿನ ಗಾಳಿಗೆ ಒಗ್ಗಿಸಿ ಬಿಡು. ಅವರು ನಿವೃತ್ತರಾಗಿ ಹೋದರು. ಮಾತು ಇವಳ ಹತ್ತಿರ ಉಳಿಯಿತು. ದಾಖಲೆ ಪುಸ್ತಕದ ಪ್ರತಿ ಪುಟದಲ್ಲೂ ತಾನೇ ಅಡಿಪಟ್ಟಿ ಹಿಡಿದು ಒಂದು ಕಾಲಂ ಎಳೆದಳು. 'ಹೊರಗೆ ಇಟ್ಟದ್ದು'. ಅದರ ಕೆಳಗೆ ದಿನಾ ಒಂದೇ ಅಂಕಿ, ಇಪ್ಪತ್ತು.

ವಾರಕ್ಕೊಂದು ದಿನ ಅವಳಿಗೆ ರಜೆ, ಆ ದಿನ ಬಲೂನು ನನ್ನ ಪಾಲು. ಆರು ವರ್ಷದ ಹಿಂದೆ, ಈ ಕೆಲಸ ನನಗೆ ಬಂದ ಹೊಸದರಲ್ಲಿ, ಒಂದು ಬೆಳಗ್ಗೆ ನಿದ್ದೆ ಹೆಚ್ಚಾಗಿ ತಡವಾಗಿ ಬಂದೆ. ಹನ್ನೆರಡು ನಿಮಿಷಕ್ಕೇ ಡಬ್ಬಿ ತೆಗೆದು ಬಿಟ್ಟೆ. ಕಾಲಂನಲ್ಲಿ ಮಾತ್ರ ಇಪ್ಪತ್ತು ಎಂದು ದುಂಡಗೆ ಬರೆದೆ. ಮಾರನೆಯ ದಿನ ಅವಳು ಆ ಬಲೂನಿನ ಅಂಕಿಗಳ ಹಾಳೆ ತಿರುವಿ, ಮೊದಲ ನಾಲ್ಕು ಸಾಲು ನೋಡಿ, ಕನ್ನಡಕ ಹಣೆಗೇರಿಸಿದಳು.

"ಸ್ಟೋರಪ್ಪಾ, ಎಷ್ಟು ನಿಮಿಷ ಇಟ್ಟಿದ್ದೆ?"

"ಇಪ್ಪತ್ತು."

"ಈ ಡಬ್ಬಿ ಹಾಗೆ ಹೇಳ್ತಿಲ್ವಲ್ಲ. ಇದು ಹದಿನೈದು ಕೂಡ ನೋಡಿಲ್ಲ."

ಹನ್ನೆರಡು ಎಂದೆ. ಅವಳು ಬೈಯಲಿಲ್ಲ. ನನ್ನ ಅಂಕಿಯನ್ನು ನನ್ನ ಕೈಯಿಂದಲೇ ಹೊಡೆದುಹಾಕಿಸಿ, ಹನ್ನೆರಡು ಎಂದು ಬರೆಸಿ, ಪಕ್ಕದಲ್ಲಿ ಕೆಂಪು ಗುರುತು ಹಾಕಿ, ಷರಾದಲ್ಲಿ ತಾನೇ ಬರೆದಳು: 'ಸ್ಟೋರಪ್ಪನ ಅವಸರ'. ಸರ್ಕಾರಿ ದಾಖಲೆಯಲ್ಲಿ ನನ್ನ ಅಡ್ಡಹೆಸರು ಸೇರಿದ್ದು ಹೀಗೆ. ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದೆ. ಅವಳು ಅದನ್ನು ಗಮನಿಸಲೇ ಇಲ್ಲ ಎಂದು ಆಮೇಲೆ ಗೊತ್ತಾಗಿ ಇನ್ನಷ್ಟು ಸಿಟ್ಟು ಬಂತು.

ಇಷ್ಟಕ್ಕೂ ಈ ತೇವ ಯಾರಿಗೆ ಬೇಕು? ಮಳೆ ಹೇಳುವವರಿಗೆ ಬೇಕು, ಅದು ಎಲ್ಲರಿಗೂ ಗೊತ್ತು. ಕಡಲಿನ ಮಟ್ಟ ಅಳೆಯುವವರಿಗೂ ಬೇಕು, ಅದು ನನಗೆ ಬಹಳ ದಿನ ಗೊತ್ತಿರಲಿಲ್ಲ. ಆಕಾಶದಲ್ಲಿ ಒಂದು ಉಪಗ್ರಹ ಹತ್ತು ದಿನಕ್ಕೊಮ್ಮೆ ನಮ್ಮ ಬಂದರಿನ ಆಚೆ ಹಾದುಹೋಗುತ್ತದೆ. ಕೆಳಗೆ ಒಂದು ಅಲೆ ಕಳಿಸಿ, ಅದು ನೀರಿಗೆ ಬಡಿದು ಮರಳಲು ಎಷ್ಟು ಹೊತ್ತಾಯಿತು ಎಂದು ನೋಡುತ್ತದೆ. ಅದರಿಂದ ಕಡಲು ಎಷ್ಟು ಮೇಲಿದೆ, ಎಷ್ಟು ಕೆಳಗಿದೆ ಎಂಬ ಲೆಕ್ಕ. ಆದರೆ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಅಲೆ ತುಸು ನಿಧಾನವಾಗುತ್ತದೆ. ಅಕ್ಕ ನನಗೆ ಹೇಳಿಕೊಟ್ಟದ್ದು ಹೀಗೆ: "ದಿನಾ ಹತ್ತು ನಿಮಿಷಕ್ಕೆ ಅಂಗಡಿಗೆ ಹೋಗಿ ಬರ್ತೀಯ. ಒಂದಿನ ರಸ್ತೆ ತುಂಬ ಜನ, ಹನ್ನೆರಡು ನಿಮಿಷ ಆಯ್ತು. ಮನೇಲಿ ಬರೀ ಗಡಿಯಾರ ನೋಡ್ತಾ ಕೂತೋರು ಏನಂದ್ಕೋತಾರೆ? ಅಂಗಡಿನೇ ದೂರ ಹೋಯ್ತು ಅಂತ." ತೇವ ಲೆಕ್ಕಕ್ಕೆ ಹಿಡಿಯದಿದ್ದರೆ ಕಡಲು ಇರುವುದಕ್ಕಿಂತ ಕೆಳಗೆ ಕಾಣುತ್ತದೆ. ಒಂದು ಗೇಣು ಕೂಡ ತಪ್ಪಬಹುದು.

ಅದಕ್ಕಾಗಿ ಉಪಗ್ರಹದಲ್ಲೇ ತೇವ ನೋಡುವ ಒಂದು ಕಣ್ಣಿದೆ. ನಡುಗಡಲಲ್ಲಿ ಅದು ಚೆನ್ನಾಗಿ ನೋಡುತ್ತದೆ. ನೋಟದ ಅಂಚಿಗೆ ನೆಲ ಬಂದರೆ ಮಾತ್ರ ತಬ್ಬಿಬ್ಬಾಗುತ್ತದೆ. ನೆಲದ ಕಾವಿಗೆ ಲೆಕ್ಕ ಕೆಟ್ಟು, ಇರುವ ತೇವವನ್ನೂ ಇಲ್ಲ ಎನ್ನುತ್ತದೆ. ಹೀಗಾಗಿ ದಡದ ಹತ್ತಿರದ ಅಳತೆಗೆ ನಮ್ಮ ಬಲೂನೇ ಸಾಕ್ಷಿ. ಬಂದರಿನ ನೀರಿನಲ್ಲಿದ್ದ ಹಳೆಯ ಅಳತೆಗೋಲನ್ನು ಹಡಗು ನಿಲ್ಲುವ ಹೊಸ ಧಕ್ಕೆ ಕಟ್ಟುವಾಗ ಕಿತ್ತುಹಾಕಿದ್ದರು, ಇನ್ನೂ ನೆಟ್ಟಿರಲಿಲ್ಲ. ನಮ್ಮ ಬೀದಿಯ ಮುಂದಿನ ತಡೆಗೋಡೆ ಎಷ್ಟು ಎತ್ತರ ಬೇಕು ಎಂಬುದೂ ಈ ಉಪಗ್ರಹದ ಅಂಕಿಯ ಮೇಲೆಯೇ ತೀರ್ಮಾನವಾಗಬೇಕಿತ್ತು.

ಆಗ ಬಂತು ಮುಖ್ಯ ಕಚೇರಿಯ ಪತ್ರ. ಉಪಗ್ರಹ ಹೇಳುವ ತೇವಕ್ಕೂ ನಮ್ಮ ಬಲೂನು ಹೇಳುವ ತೇವಕ್ಕೂ ಏಳು ವರ್ಷದಿಂದ ತಾಳೆಯಾಗುತ್ತಿಲ್ಲ. ಮೊದಲ ವರ್ಷ ಕೂದಲೆಳೆಯಷ್ಟಿದ್ದ ವ್ಯತ್ಯಾಸ ಬೆಳೆದು ಬೆಳೆದು ಈಗ ಕಡಲಿನ ಮಟ್ಟದಲ್ಲಿ ಒಂದೂವರೆ ಸೆಂಟಿಮೀಟರ್ ಆಗಿದೆ. ಉಪಗ್ರಹದ ಪ್ರಕಾರ ನಮ್ಮ ಬಂದರಿನಲ್ಲಿ ಕಡಲು ಏರಿಯೇ ಇಲ್ಲ. ಬಲೂನಿನ ಪ್ರಕಾರ ಏರಿದೆ. ಆದ್ದರಿಂದ ಬಲೂನು ತಪ್ಪು. ಡಬ್ಬಿಗಳನ್ನು ನಿಯಮದಂತೆ ಬಳಸದೆ 'ಬಯಲಿನಲ್ಲಿ ಇಡುವ ಅನಧಿಕೃತ ಪದ್ಧತಿ'ಯೇ ಕಾರಣವಿರಬಹುದು. ಜೊತೆಗೆ ಒಂದು ನಮೂನೆ. 'ಏಳು ವರ್ಷದ ತೇವಾಂಶ ದಾಖಲೆ ಶಂಕಾಸ್ಪದವೆಂದು ವೀಕ್ಷಕರು ಒಪ್ಪಿರುತ್ತಾರೆ.' ಕೆಳಗೆ ಸಹಿಗೆ ಜಾಗ. ವೀಕ್ಷಕರ, ಎಂದರೆ ಅಕ್ಕನ, ಸಹಿ ಇಲ್ಲದೆ ದಾಖಲೆಗೆ ಕೆಂಪು ಹಾಕುವಂತಿರಲಿಲ್ಲ.

ನಮ್ಮ ಸಾಹೇಬರು ಒಳ್ಳೆಯವರು. ಎಷ್ಟು ಒಳ್ಳೆಯವರೆಂದರೆ ಯಾರ ಮಾತಿಗೂ ಇಲ್ಲ ಎಂದವರಲ್ಲ. ಅಕ್ಕನನ್ನು ಕರೆದು ಕೂರಿಸಿದರು. "ನೋಡಮ್ಮ, ಸಹಿ ಹಾಕಿಬಿಡು. ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ. ಸಂಬಳ, ಬಡ್ತಿ ಎಲ್ಲ ಹಾಗೇ ಇರುತ್ತೆ. ಬರೀ ಒಂದು ಕೆಂಪು ಗೀಟು."

"ಎರಡು ಸಾವಿರದ ಐನೂರ ಚಿಲ್ಲರೆ ಬಲೂನು ಸಾರ್. ಒಂದು ಗೀಟು ಅಲ್ಲ."

"ಅವರೆಲ್ಲ ಓದಿಕೊಂಡವರು."

"ನಾನೂ ದಿನಾ ಓದ್ತೀನಿ. ಕಡ್ಡಿ ಏನು ಹೇಳುತ್ತೆ ಅಂತ." ನಮೂನೆಯನ್ನು ಮಡಚಿ ಅವರ ಮೇಜಿನ ಮೇಲೇ ಇಟ್ಟಳು. "ಸಹಿ ಹಾಕಲ್ಲ. ತಪ್ಪು ಎಲ್ಲಿದೆ ಅಂತ ಬಂದು ತೋರಿಸಿ ಹೋಗ್ಲಿ."

ಮನೆಯಲ್ಲೂ ಇದೇ ಪಾಠ ನಡೆದಿತ್ತು. ನಾನಿದ್ದದ್ದು ಅವರ ಮನೆಯಿಂದ ಮೂರನೆಯ ಬಾಗಿಲಲ್ಲಿ. ಅವಳ ಗಂಡನನ್ನು ನಾನು ಭಾವ ಎನ್ನುತ್ತಿದ್ದೆ. ಹೊಸ ಧಕ್ಕೆಯಲ್ಲಿ ಕ್ರೇನ್ ಓಡಿಸುತ್ತಿದ್ದ ಮೃದು ಮನುಷ್ಯ. ಸಂಜೆ ಜಗುಲಿಯಲ್ಲಿ ಕೂತು, "ನೀನಾದ್ರೂ ಹೇಳೋ. ಒಂದೂವರೆ ಸೆಂಟಿಮೀಟರ್‌ಗೆ ಯಾರಾದ್ರೂ ಮೇಲಿನವರನ್ನ ಎದುರು ಹಾಕ್ಕೋತಾರಾ?" ಎಂದ. ಒಳಗಿನಿಂದ ಅವಳ ದನಿ ಬಂತು. "ಕ್ರೇನಲ್ಲಿ ಪೆಟ್ಟಿಗೆ ಇಳಿಸೋವಾಗ ಒಂದೂವರೆ ಸೆಂಟಿಮೀಟರ್ ಈ ಕಡೆ ಬಿಟ್ಟರೆ ಕೊಂಡಿ ಬೀಳುತ್ತೇನ್ರಿ?" ಭಾವ ನನ್ನ ಮುಖ ನೋಡಿದ. "ಬೀಳಲ್ಲ" ಎಂದು ಮೆಲ್ಲಗೆ ಒಪ್ಪಿಕೊಂಡ.

ಆ ವಾರವಿಡೀ ಅವಳು ಕೆಲಸ ಮುಗಿಸಿ ನನ್ನ ಸ್ಟೋರಿನಲ್ಲಿ ಕೂತು ಏಳೂ ವರ್ಷದ ಪುಸ್ತಕಗಳನ್ನು ಒಂದೊಂದು ಪುಟವಾಗಿ ನೋಡಿದಳು. ನಾಲ್ಕು ವರ್ಷದ ಹಿಂದಿನ ಪುಸ್ತಕದಲ್ಲಿ ಒಂದು ಪುಟ ಬಂದಾಗ ಅವಳ ಬೆರಳು ನಿಂತಿತು. ಬಹಳ ಹೊತ್ತು ನಿಂತಿತ್ತು. ಏನಕ್ಕಾ ಎಂದು ಬಗ್ಗಿದೆ. ಪಟ್ಟನೆ ಮುಚ್ಚಿ, "ನಿನ್ನ ದಾರದ ಲೆಕ್ಕ ನೋಡ್ಕೋ ಹೋಗು" ಎಂದಳು.

ಮುಖ್ಯ ಕಚೇರಿಯಿಂದ ಬಂದವರು ಒಬ್ಬ ಡಾಕ್ಟರು. ಮೂವತ್ತೈದರ ಆಸುಪಾಸು, ತೆಳ್ಳಗೆ, ಕೈಯಲ್ಲಿ ಲ್ಯಾಪ್‌ಟಾಪು. ಡಾಕ್ಟರು ಎಂದ ಕೂಡಲೇ ನಮ್ಮ ಜವಾನ ತನ್ನ ಮಂಡಿ ನೋವಿನ ಕತೆ ಶುರುಮಾಡಿದ. ಅವರು ಪೂರ್ತಿ ಕೇಳಿಸಿಕೊಂಡು, "ನಾನು ಆ ಡಾಕ್ಟರಲ್ಲಪ್ಪ, ಕಡಲಿನ ಡಾಕ್ಟರು" ಎಂದರು. ಪೂರ್ತಿ ಕೇಳಿಸಿಕೊಂಡರಲ್ಲ, ಅಲ್ಲಿಗೆ ನನಗೆ ಅವರ ಮೇಲೆ ಅರ್ಧ ಸಿಟ್ಟು ಇಳಿಯಿತು. ಉಳಿದರ್ಧ ಇಟ್ಟುಕೊಂಡೆ, ಬೇಕಾಗಬಹುದು ಎಂದು.

ಮಧ್ಯಾಹ್ನ ಮಹಡಿ ಕೋಣೆಯಲ್ಲಿ ಸಭೆ. ಉದ್ದನೆಯ ಮೇಜು, ಗೋಡೆಯ ಮೇಲೆ ಪರದೆ, ತಲೆಯ ಮೇಲೆ ಕಿರುಗುಟ್ಟುವ ಫ್ಯಾನು. ಒಂದು ಬದಿಗೆ ಸಾಹೇಬರು ಮತ್ತು ಡಾಕ್ಟರು, ಇನ್ನೊಂದು ಬದಿಗೆ ಅಕ್ಕ. ಪುಸ್ತಕ ಹೊತ್ತು ತಂದವನೆಂದು ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿ.

"ಉದಾಹರಣೆಗೆ ಈ ದಿನ ನೋಡಿ ಮೇಡಂ." ಡಾಕ್ಟರು ಪರದೆಯ ಮೇಲೆ ಒಂದು ಗೆರೆ ತಂದರು. "ನೆಲದಿಂದ ಒಂದು ಕಿಲೋಮೀಟರ್ ತನಕ ತೇವ ನೂರಕ್ಕೆ ನೂರು. ಅವತ್ತು ಮಂಜಿಲ್ಲ, ಮಳೆಯಿಲ್ಲ. ಕಡ್ಡಿ ಒದ್ದೆಯಾಗಿತ್ತು ಅಂತ ಯಾರಾದರೂ ಹೇಳ್ತಾರೆ. ನಿಮ್ಮ ಬಲೂನುಗಳ ತೊಂದರೆ ಇದೇ ಅಂತ ನಮ್ಮ ಊಹೆ." ಗೆರೆಯ ಮೇಲೆ ತಾರೀಖು ಇತ್ತು. ನಾಲ್ಕು ವರ್ಷದ ಹಿಂದಿನದು.

ಅಕ್ಕನ ಮುಖ ನೋಡಿದೆ. ಹದಿನಾರು ವರ್ಷದಲ್ಲಿ ಆ ಮುಖ ಬಿಳಿಚಿಕೊಂಡದ್ದನ್ನು ನಾನು ನೋಡಿರಲಿಲ್ಲ. ಹೇಳಲು ನೂರು ನೆವ ಇದ್ದವು. ಯಂತ್ರ ಕೆಟ್ಟಿರಬಹುದು, ಡಬ್ಬಿ ಮೊದಲೇ ಒದ್ದೆಯಾಗಿ ಬಂದಿರಬಹುದು, ನೆನಪಿಲ್ಲ. ಯಾವುದು ಹೇಳಿದ್ದರೂ ನಡೆಯುತ್ತಿತ್ತು.

"ನೀವು ಹೇಳೋದು ಸರಿ" ಎಂದಳು ಅಕ್ಕ. "ಆ ದಿನದ್ದು ಸುಳ್ಳು. ಪುಸ್ತಕದಲ್ಲಿ ಇಪ್ಪತ್ತು ನಿಮಿಷ ಅಂತ ಬರೆದಿದೆ, ನಾನೇ ಬರೆದಿದ್ದು. ಒಂದು ನಿಮಿಷಾನೂ ಇಟ್ಟಿರಲಿಲ್ಲ. ಏಸಿ ಕೋಣೆಯಿಂದ ತಂದೆ, ಕಟ್ಟಿದೆ, ಬಿಟ್ಟೆ."

ನನ್ನ ಹನ್ನೆರಡು ನಿಮಿಷಕ್ಕೆ ಕೆಂಪು ಹಾಕಿದವಳು ಇವಳೇ ತಾನೇ?

"ಯಾಕೆ?" ಎಂದರು ಡಾಕ್ಟರು.

"ಅವತ್ತು ಬೆಳಗಿನ ಜಾವ ನಮ್ಮಮ್ಮ ತೀರ್ಕೊಂಡ್ರು. ಆಸ್ಪತ್ರೆಯಿಂದ ನೇರ ಇಲ್ಲಿಗೆ ಬಂದೆ. ತಡ ಆಗಿತ್ತು."

ಆ ದಿನ ನನಗೆ ನೆನಪಿತ್ತು. ಸುದ್ದಿ ತಿಳಿದು ನಾನು ಅವರ ಮನೆಗೆ ಓಡಿದಾಗ ಎಂಟು ಗಂಟೆ. ಅವಳು ಬಲೂನು ಬಿಟ್ಟು, ಹಾಳೆ ಕಳಿಸಿ, ಮನೆಗೆ ಬಂದಾಗಿತ್ತು. ಕೆಲಸಕ್ಕೆ ಹೋಗಲೇಬೇಕಿತ್ತಾ ಅಕ್ಕಾ, ನನಗೊಂದು ಮಾತು ಹೇಳಬಾರದಿತ್ತಾ ಎಂದು ಅವತ್ತು ರೇಗಿದ್ದೆ.

ಸಾಹೇಬರಿಗೆ ಎಲ್ಲಿಲ್ಲದ ಧೈರ್ಯ ಬಂತು. "ಒಂದು ಸುಳ್ಳು ಬರೆದವರು ಇನ್ನೊಂದು ಬರೆದಿಲ್ಲ ಅಂತ ಹೇಗಮ್ಮ ನಂಬೋದು?"

ಅಕ್ಕನ ಬೆನ್ನು ನೆಟ್ಟಗಾಯಿತು. ಬಿಳಿಚಿದ ಮುಖಕ್ಕೆ ಬಣ್ಣ ಮರಳಿತು.

"ನಂಬಬೇಡಿ ಸಾರ್. ನಂಬಿ ಅಂತ ನಾನು ಕೇಳ್ತಾನೇ ಇಲ್ಲ. ನೋಡಿ ಅಂತ ಕೇಳ್ತಿದೀನಿ. ಬೆವರಿದ ಕಡ್ಡಿ ಸುಳ್ಳು ಹೇಳಿದ್ರೆ ಹೀಗೇ ಹೇಳೋದು, ಮುಚ್ಚಿಡೋಕೆ ಅದಕ್ಕೆ ಬರಲ್ಲ. ಡಾಕ್ಟರೇ, ನೀವು ತಾಳೆ ನೋಡಿದ ಎಲ್ಲಾ ದಿನಾನೂ ತೆಗೀರಿ. ಇಂಥದ್ದು ಇನ್ನೆಷ್ಟಿದೆ ಎಣಿಸಿ. ಹತ್ತು ಸಿಕ್ಕಿದ್ರೆ ನಿಮ್ಮ ಕಾಗದಕ್ಕೆ ಕಣ್ಣು ಮುಚ್ಚಿ ಸಹಿ ಹಾಕ್ತೀನಿ. ನಾನು ಇಲ್ಲೇ ಕೂತಿರ್ತೀನಿ."

ಸಾಹೇಬರು ಗಡಿಯಾರ ನೋಡಿದರು. ಡಾಕ್ಟರು ನೋಡಲಿಲ್ಲ. ಒಂದೊಂದೇ ಗೆರೆ ತಂದರು. ಉಪಗ್ರಹ ಹಾದುಹೋದ ಹೊತ್ತಿಗೂ ಬಲೂನಿನ ಹೊತ್ತಿಗೂ ಹೊಂದಿಕೆಯಾದ ದಿನಗಳು ಎಂಬತ್ತಮೂರು. ಅವರು ತಾರೀಖು ಹೇಳುತ್ತಾರೆ, ನಾನು ಪುಟ ತೆಗೆಯುತ್ತೇನೆ, ಅಕ್ಕ ಕಾಲಂ ಓದುತ್ತಾಳೆ. ಇಪ್ಪತ್ತು. ಇಪ್ಪತ್ತು. ಇಪ್ಪತ್ತು. ಒಂದು ಗಂಟೆ ಕಳೆದ ಮೇಲೆ ಡಾಕ್ಟರು ಕೈಯೆತ್ತಿದರು. "ಇದು? ಮೊದಲ ಮುನ್ನೂರು ಮೀಟರ್ ತುಸು ಒದ್ದೆ ಇದೆ."

ನಾನು ಎದ್ದು ನಿಂತೆ. ಶಾಲೆ ಬಿಟ್ಟ ಮೇಲೆ ಹಾಗೆ ನಿಂತದ್ದು ಅದೇ ಮೊದಲು. "ಅದು ನಂದು ಸಾರ್. ಹನ್ನೆರಡು ನಿಮಿಷ."

ಡಾಕ್ಟರು ಪುಸ್ತಕ ತಮ್ಮ ಕಡೆ ಎಳೆದುಕೊಂಡರು. ಹೊಡೆದುಹಾಕಿದ ಇಪ್ಪತ್ತು, ಮೇಲೆ ಹನ್ನೆರಡು, ಕೆಂಪು ಗುರುತು, 'ಸ್ಟೋರಪ್ಪನ ಅವಸರ'. ಗಟ್ಟಿಯಾಗಿ ಓದಿದರು. ನಗು ತಡೆದುಕೊಂಡು ಮತ್ತೊಮ್ಮೆ ಓದಿದರು. ನನ್ನ ಮಾನ ಹೋದರೂ ಪರವಾಗಿಲ್ಲ ಎಂದು ನನಗೆ ಅನಿಸಿದ್ದು ಜೀವನದಲ್ಲಿ ಆ ಒಂದು ಸಲ.

ಎಂಬತ್ತಮೂರರಲ್ಲಿ ಸಿಕ್ಕಿದ್ದು ಅವೆರಡೇ. ಅವನ್ನು ತೆಗೆದು ಡಾಕ್ಟರು ಲೆಕ್ಕ ಮತ್ತೆ ಓಡಿಸಿದರು. ಒಂದೂವರೆ ಸೆಂಟಿಮೀಟರ್ ಹಾಗೆಯೇ ಕೂತಿತ್ತು, ಎಳ್ಳಷ್ಟೂ ಅಲುಗಿರಲಿಲ್ಲ.

"ವ್ಯತ್ಯಾಸ ಹೋಗ್ತಿಲ್ಲ" ಎಂದು ಅವರು ತಮಗೆ ತಾವೇ ಹೇಳಿಕೊಂಡರು. "ಕಡ್ಡಿಯ ತಪ್ಪಾಗಿದ್ದರೆ ಹೋಗಬೇಕಿತ್ತು."

"ನನ್ನ ಪುಸ್ತಕ ಎರಡು ಗಂಟೆ ನೋಡಿದ್ರಿ" ಎಂದಳು ಅಕ್ಕ. "ಈ ಏಳು ವರ್ಷಕ್ಕೂ ಮುಂಚೆ ನಮ್ಮ ಬಲೂನು, ನಿಮ್ಮ ಉಪಗ್ರಹ ಚೆನ್ನಾಗೇ ಇದ್ವಲ್ಲ. ಆಗಲೂ ಇದೇ ಕೈ, ಇದೇ ಪೆಟ್ಟಿಗೆ, ಇದೇ ಇಪ್ಪತ್ತು ನಿಮಿಷ. ನನ್ನ ಕಡೆ ಏನೂ ಬದಲಾಗಿಲ್ಲ. ಈಗ ನಿಮ್ಮ ಪುಸ್ತಕ ತೆಗೀರಿ."

"ಅಮ್ಮಾ!" ಎಂದರು ಸಾಹೇಬರು.

"ಇರಲಿ ಸಾರ್, ಕೇಳೋದು ನ್ಯಾಯವಾಗಿದೆ" ಎಂದು ಡಾಕ್ಟರು ಪರದೆಯ ಮೇಲೆ ನಕ್ಷೆ ತಂದರು. "ನೆಲ ಎಲ್ಲಿದೆ, ನೀರು ಎಲ್ಲಿದೆ ಅಂತ ಈ ನಕ್ಷೆ ಹೇಳುತ್ತೆ. ಉಪಗ್ರಹದ ಕಣ್ಣಿಗೆ ನೆಲ ಬಿದ್ದ ಕಡೆ ಅದರ ಪ್ರಭಾವ ಕಳೀತೀವಿ. ಹಸಿರು ನೆಲ, ನೀಲಿ ನೀರು."

ಅಕ್ಕ ಎದ್ದು ಪರದೆಯ ಹತ್ತಿರ ಹೋದಳು. ಬಂದರಿನ ಬಾಯಿ ಹುಡುಕಿದಳು. ನಮ್ಮ ಕಟ್ಟಡ ಎಲ್ಲಿರಬೇಕೋ ಅಲ್ಲಿಂದ ಬೆರಳಿಟ್ಟು ಕಡಲ ಕಡೆ ಸರಿಸಿದಳು. ಬೆರಳು ನೀಲಿಯ ಮೇಲೆ ನಿಂತಿತು.

"ಇದೇನು?"

"ನೀರು. ಎಂಟು ಮೀಟರ್ ಆಳ."

"ಇಲ್ಲಿ ನಮ್ಮ ಯಜಮಾನರು ಐದು ವರ್ಷದಿಂದ ಕ್ರೇನ್ ಓಡಿಸ್ತಿದಾರೆ. ನಿಮ್ಮ ಪ್ರಕಾರ ಅವರು ದಿನಾ ಎಂಟು ಮೀಟರ್ ನೀರಲ್ಲಿ ಕೂತು ಊಟ ಮಾಡ್ತಾರೆ. ಒಂದಿನಾನೂ ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದಿಲ್ಲ ಡಾಕ್ಟರೇ."

ಡಾಕ್ಟರು ಕಿಟಕಿಯ ಹತ್ತಿರ ಹೋದರು. ಅಲ್ಲಿಂದ ಹೊಸ ಧಕ್ಕೆ ಪೂರ್ತಿ ಕಾಣುತ್ತದೆ. ಊರಿನ ಒಂದು ಬಡಾವಣೆಗಿಂತ ದೊಡ್ಡದು, ಸಾಲು ಸಾಲು ಕ್ರೇನು, ಲಾರಿ, ಪೆಟ್ಟಿಗೆಗಳ ಗುಡ್ಡ. ಕಡಲನ್ನು ಮಣ್ಣಿನಿಂದ ತುಂಬಿ ಮಾಡಿದ ನೆಲ. ಸಭೆ ಶುರುವಾದಾಗಿನಿಂದ ಅವರು ಆ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು.

"ಯಾವಾಗ ತುಂಬಿದ್ದು ಇದು?" ದನಿ ಬದಲಾಗಿತ್ತು.

"ಒಂದೇ ಸಲ ತುಂಬಲಿಲ್ಲ. ಏಳು ವರ್ಷದಿಂದ ತುಂಬ್ತಾನೇ ಇದಾರೆ. ತಾರೀಖು ಬೇಕಾ?" ಅಕ್ಕ ಪುಸ್ತಕಗಳನ್ನು ತನ್ನ ಮುಂದೆ ಎಳೆದುಕೊಂಡಳು. "ಇಪ್ಪತ್ತು ನಿಮಿಷ ದಿನಾ ತಾರಸಿ ಮೇಲೆ ಸುಮ್ನೆ ನಿಂತಿರ್ತೀನಿ. ಎದುರಿಗೆ ಕಂಡದ್ದನ್ನ ಷರಾದಲ್ಲಿ ಬರೀತೀನಿ. ಬರ್ಕೊಳ್ಳಿ."

ಅವಳು ಓದುತ್ತ ಹೋದಳು. ಹೂಳೆತ್ತುವ ಹಡಗು ಬಂತು. ಮಣ್ಣು ಮೊದಲ ಸಲ ನೀರಿನ ಮೇಲೆ ಕಂಡಿತು. ದಿಬ್ಬದ ಮೇಲೆ ಲಾರಿ ಓಡಿತು. ಎರಡನೆಯ ಕಟ್ಟೆ ಶುರು. ಅವಳು ತಾರೀಖು ಹೇಳಿದಂತೆಲ್ಲ ಡಾಕ್ಟರು ತಮ್ಮ ವ್ಯತ್ಯಾಸದ ಗೆರೆಯ ಮೇಲೆ ಒಂದೊಂದು ಚುಕ್ಕೆ ಇಡುತ್ತ ಹೋದರು. ನನಗೆ ಆ ವಿದ್ಯೆ ಬರುವುದಿಲ್ಲ, ಆದರೆ ಕಣ್ಣಿದೆ. ಚುಕ್ಕೆ ಬಿದ್ದಲ್ಲೆಲ್ಲ ಗೆರೆ ಮೇಲಕ್ಕೆ ತಿರುಗಿತ್ತು. ಧಕ್ಕೆ ಬೆಳೆದಷ್ಟೂ ಉಪಗ್ರಹದ ಕಣ್ಣು ಹೊಸ ನೆಲ ನೋಡಿ ತಬ್ಬಿಬ್ಬಾಗಿತ್ತು. ಅದು ನೀರೇ ಎಂದು ನಂಬಿ ಕೂತ ನಕ್ಷೆ ಆ ತಪ್ಪನ್ನು ಕಳೆದಿರಲಿಲ್ಲ. ಗಾಳಿಯ ತೇವ ಕಡಿಮೆ ಕಂಡಿತು. ಕಡಲು ಕೆಳಗೆ ಕಂಡಿತು.

ಡಾಕ್ಟರು ಲ್ಯಾಪ್‌ಟಾಪು ಮುಚ್ಚಿದರು. ಸಹಿಯಾಗದ ನಮೂನೆಯನ್ನು ತಮ್ಮ ಚೀಲಕ್ಕೆ ಹಾಕಿಕೊಂಡು, "ಇದು ನನ್ನ ಹತ್ತಿರ ಇರಲಿ ಮೇಡಂ. ಮುಂದಿನ ಸಲ ಕಿಟಕಿ ಕಡೆ ಮುಖ ಮಾಡಿ ಕೂರ್ತೀನಿ" ಎಂದರು. ಸಾಹೇಬರ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ನನಗೆ ಹಿಗ್ಗೋ ಹಿಗ್ಗು. ಮೆಟ್ಟಿಲಿಳಿಯುವಾಗ ಏಳು ಪುಸ್ತಕದ ಭಾರ ಗೊತ್ತೇ ಆಗಲಿಲ್ಲ.

ಎರಡು ತಿಂಗಳ ಮೇಲೆ ಉತ್ತರ ಬಂತು. ನಕ್ಷೆ ತಿದ್ದಿ ಏಳು ವರ್ಷದ ಲೆಕ್ಕವನ್ನು ಮತ್ತೆ ಮಾಡಿದ್ದರು. ಉಪಗ್ರಹವೂ ಬಲೂನೂ ಈಗ ತಾಳೆಯಾಗುತ್ತಿವೆ; ಬಂದರಿನಲ್ಲಿ ಕಡಲು ಏರಿದೆ; ಗೋಡೆ ಕಟ್ಟುವವರಿಗೆ ಹೊಸ ಅಂಕಿ ಕಳಿಸಲಾಗಿದೆ. ನಮ್ಮ ಕೇಂದ್ರದ ದಾಖಲೆ ಸಂಪೂರ್ಣ ವಿಶ್ವಾಸಾರ್ಹವೆಂದು ವಾರ್ಷಿಕ ವರದಿಯಲ್ಲಿ ಹಾಕುತ್ತಾರಂತೆ. ಸಾಹೇಬರು ಸಿಹಿ ಹಂಚಿದರು. ಮೊದಲಿನಿಂದಲೂ ತಮಗೆ ಗೊತ್ತಿತ್ತು ಎನ್ನುವ ಧಾಟಿಯಲ್ಲಿ ಮಾತಾಡಿದರು. ನಾವು ಸಿಹಿ ತಿಂದೆವು, ಮಾತು ನುಂಗಿಕೊಂಡೆವು.

ಆಮೇಲೆ ಅಕ್ಕ ನಾಲ್ಕು ವರ್ಷದ ಹಿಂದಿನ ಪುಸ್ತಕವನ್ನೂ ಕೆಂಪು ಪೆನ್ನನ್ನೂ ಅವರ ಮೇಜಿನ ಮೇಲಿಟ್ಟಳು. ಆ ದಿನದ ಇಪ್ಪತ್ತನ್ನು ಹೊಡೆದುಹಾಕಿ ಸೊನ್ನೆ ಬರೆದಿದ್ದಳು. ಪಕ್ಕದಲ್ಲಿ ಕೆಂಪು ಗುರುತು. ಸಾಹೇಬರ ಮೇಲುಸಹಿ ಬೇಕಿತ್ತು.

"ಈಗ ಇದ್ಯಾಕಮ್ಮ?" ಎಂದು ಅವರು ನಿಜವಾದ ಕನಿಕರದಿಂದಲೇ ಕೇಳಿದರು. "ಗೆದ್ದಿದ್ದಾಯ್ತು. ಈ ಒಂದು ದಿನ ಇದ್ದರೂ ಹೋದರೂ ಲೆಕ್ಕ ಬದಲಾಗಲ್ಲ ಅಂತ ಡಾಕ್ಟರೇ ಹೇಳಿದಾರೆ. ಸಂಪೂರ್ಣ ಅಂತ ವರದಿಯಲ್ಲಿ ಬರ್ತಿದೆ, ಯಾಕೆ ಕೈಯಾರೆ ಕೆಡಿಸ್ಕೋತೀಯ? ಹಾಳೆ ಹಾಗೇ ಬಿಡು. ತಾಯಿ ತೀರಿಕೊಂಡ ದಿನ, ಯಾರು ತಾನೇ ತಪ್ಪು ಅಂತಾರೆ?"

"ತಪ್ಪಿಲ್ಲದ ಎರಡೂವರೆ ಸಾವಿರಕ್ಕೆ ಕೆಂಪು ಹಾಕೋಕೆ ಬಿಡಲಿಲ್ಲ ಸಾರ್. ಇದೊಂದಕ್ಕೆ ಹಾಕದೇ ಇರೋಕೂ ಬಿಡಲ್ಲ. ಸಹಿ ಹಾಕಿ."

ಅವರು ಹಾಕಿದರು.

ಹೊರಗೆ ಬಂದು ತಾರಸಿಯ ಮೆಟ್ಟಿಲಲ್ಲಿ ಕೂತೆವು. ನಾನು ಸುಮ್ಮನಿರಲಾರದೆ ಕೇಳಿಯೇಬಿಟ್ಟೆ. "ಅಕ್ಕಾ, ಅವತ್ತು ನೀನು ಬಂದಿದ್ದು ಸರಿಯಾದ ಹೊತ್ತಿಗೇ ಅಂತೆ. ಜವಾನ ಹೇಳ್ದ, ಐದು ಗಂಟೆಗೆಲ್ಲಾ ನಿನ್ನನ್ನ ಗೇಟಲ್ಲಿ ನೋಡಿದ್ನಂತೆ. ತಡ ಎಲ್ಲಾಯ್ತು?"

ಅವಳು ಧಕ್ಕೆಯ ಕಡೆ ತಿರುಗಿದಳು. ಭಾವನ ಕ್ರೇನು ಒಂದು ಪೆಟ್ಟಿಗೆಯನ್ನು ನಿಧಾನವಾಗಿ ಇಳಿಸುತ್ತಿತ್ತು.

"ಗೇಟಿಗೆ ಬಂದಿದ್ದೆ. ಒಳಗೆ ಹೋಗೋ ಮುಂಚೆ ವಾಪಸ್ ಓಡಿದೆ. ಅಮ್ಮನ್ನ ಇನ್ನೂ ವಾರ್ಡಿಂದ ತೆಗೆದಿರಲಿಲ್ಲ. ರಸ್ತೆ ದಾಟಿದ್ರೆ ಆಸ್ಪತ್ರೆ ತಾನೇ? ಕೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ ಕಣೋ. ಹಿಡ್ಕೊಂಡು ಕೂತೆ." ಅವಳ ದನಿ ಒಡೆಯಿತು. ಮರುಗಳಿಗೆ ಸೆರಗಿನಿಂದ ಮೂಗು ಒರೆಸಿಕೊಂಡು, ನನ್ನನ್ನೇ ಗದರಿಸುವಂತೆ ಹೇಳಿದಳು. "ಡಬ್ಬಿಗೆ ಸೇರಬೇಕಾದ ಇಪ್ಪತ್ತು ನಿಮಿಷ ಅಮ್ಮನಿಗೆ ಕೊಟ್ಟೆ. ತಪ್ಪು ಮಾಡಿದೆ ಅಂತ ನಂಗೆ ಅನ್ಸಿಲ್ಲ, ಅನ್ಸೋದೂ ಇಲ್ಲ. ಆದ್ರೆ ಕೊಟ್ಟಿದ್ದನ್ನ ಡಬ್ಬಿಗೇ ಕೊಟ್ಟೆ ಅಂತ ಪುಸ್ತಕದಲ್ಲಿ ಬರ್ದಿದ್ನಲ್ಲ. ನಾಲ್ಕು ವರ್ಷ ಅಮ್ಮನ ಪಾಲು ಅದರ ಹೆಸರಲ್ಲಿ ಇತ್ತು. ಇವತ್ತು ಬಿಡಿಸಿಕೊಂಡೆ."